ಚೆನ್ನೈ ಕಂಡ ಲಂಕೆ, ಕಾಣದ ಲಂಕೆ

ನಟಿ ಸಿಮ್ರನ್ ಶ್ರೀಲಂಕಾ ತಮಿಳರ ಕಥೆಯೊಳಗೆ ಎರಡು ಸಲ ಬಂದಿದ್ದಾರೆ. ಮೊದಲ ಸಲ 2002ರಲ್ಲಿ, ಮಣಿರತ್ನಂ ಅವರ ‘ಕನ್ನತ್ತಿಲ್ ಮುತ್ತಮಿಟ್ಟಾಲ್’ ಚಿತ್ರದಲ್ಲಿ. ಅಲ್ಲಿ ಅವರು ಚೆನ್ನೈಯ ತಾಯಿ. ರಾಮೇಶ್ವರದ ನಿರಾಶ್ರಿತರ ಶಿಬಿರದಲ್ಲಿ ಹುಟ್ಟಿ, ಹೆತ್ತವಳು ಬಿಟ್ಟುಹೋದ ಹೆಣ್ಣುಮಗುವನ್ನು ಮಡಿಲಿಗೆ ತೆಗೆದುಕೊಂಡವಳು. ಎರಡನೇ ಸಲ 2025ರಲ್ಲಿ, ಅಭಿಷಣ್ ಜೀವಿಂತ್ ಎಂಬ ಹೊಸ ಹುಡುಗ ನಿರ್ದೇಶಿಸಿದ ‘ಟೂರಿಸ್ಟ್ ಫ್ಯಾಮಿಲಿ’ಯಲ್ಲಿ. ಈ ಸಲ ದೋಣಿ ಹತ್ತಿ ರಾಮೇಶ್ವರಕ್ಕೆ ಬಂದಿಳಿಯುವವಳು ಅವಳೇ. ಗಂಡ, ಇಬ್ಬರು ಗಂಡುಮಕ್ಕಳು ಜೊತೆಗೆ. ಇಪ್ಪತ್ಮೂರು ವರ್ಷದ ಹಿಂದೆ ಬಾಗಿಲು ತೆರೆದವಳು ಈಗ ಬಾಗಿಲು ತಟ್ಟುತ್ತಿದ್ದಾಳೆ.

ಇದು ಕಾಕತಾಳೀಯ ಇರಬಹುದು, ಸಿನಿಮಾದವರು ಹೀಗೆಲ್ಲ ಲೆಕ್ಕ ಹಾಕಿ ಪಾತ್ರ ಕೊಡುವುದಿಲ್ಲ. ಆದರೆ ಈ ಎರಡು ಚಿತ್ರಗಳ ನಡುವೆ ಚೆನ್ನೈ ನಗರ ಶ್ರೀಲಂಕಾದ ಸಿಂಹಳ ಬಹುಸಂಖ್ಯಾತರನ್ನೂ ತಮಿಳು ಅಲ್ಪಸಂಖ್ಯಾತರನ್ನೂ ಹೇಗೆ ನೋಡಿತು, ಯಾರನ್ನು ನೋಡದೆ ಬಿಟ್ಟಿತು ಅನ್ನೋದನ್ನು ವಿಚಾರ ಮಾಡಬೇಕಾಗಿದೆ. ಕನ್ನಡದಲ್ಲಿ ಬರೆಯುವ ಮುಸ್ಲಿಮರಿಗೆ ಇದರಲ್ಲೇನು ಕೆಲಸ ಅಂತ ಕೇಳಬಹುದು. ಕೆಲಸ ಇದೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಣಿರತ್ನಂ ಚಿತ್ರ. ತಿರುಚೆಲ್ವನ್ ಎಂಜಿನಿಯರು, ಕಥೆಗಾರನೂ ಹೌದು. ಅವನ ಹೆಂಡತಿ ಇಂದಿರಾ. ಸಾಕುಮಗಳು ಅಮುದಾಳಿಗೆ ಒಂಬತ್ತನೇ ಹುಟ್ಟುಹಬ್ಬದ ದಿನ ನಿಜ ಹೇಳುತ್ತಾರೆ. ಹುಡುಗಿ ಹಟ ಹಿಡಿಯುತ್ತಾಳೆ, ಹೆತ್ತವಳನ್ನು ನೋಡಲೇಬೇಕು. ಕುಟುಂಬ ಶ್ರೀಲಂಕಾಕ್ಕೆ ಹೋಗುತ್ತದೆ. ಹೆತ್ತವಳು ಶ್ಯಾಮಾ ಈಗ ಬಂದೂಕು ಹಿಡಿದವಳು. ಮಳೆಯಲ್ಲಿ ನೆನೆಯುತ್ತ ತಾಯಿಮಗಳು ಎದುರುಬದುರಾಗುವ ಆ ದೃಶ್ಯದಲ್ಲಿ ನಂದಿತಾ ದಾಸ್ ಹೆಚ್ಚು ಮಾತಾಡುವುದಿಲ್ಲ. ಮಗು ಕೇಳುತ್ತ ಹೋಗುವ ಪ್ರಶ್ನೆಗಳಿಗೆ ಅವಳ ಹತ್ತಿರ ಉತ್ತರ ಇಲ್ಲ. ತಮಿಳು ಸಿನಿಮಾದಲ್ಲಿ ಯುದ್ಧದ ಬಗ್ಗೆ ಬಂದ ಒಳ್ಳೆಯ ದೃಶ್ಯಗಳಲ್ಲಿ ಅದೂ ಒಂದು, ಅದರಲ್ಲಿ ನನಗೆ ಅನುಮಾನ ಇಲ್ಲ. ಆರು ರಾಷ್ಟ್ರಪ್ರಶಸ್ತಿ ಬಂದವು, ಬರಬೇಕಾದ್ದೇ.

ನನ್ನ ತಕರಾರು ಬೇರೆ ಕಡೆ ಇದೆ. ಇದೇ ನಿರ್ದೇಶಕರು ಹತ್ತು ವರ್ಷ ಮೊದಲು, 1992ರಲ್ಲಿ, ‘ರೋಜಾ’ ಮಾಡಿದ್ದರು. ಅಲ್ಲೂ ಬಂದೂಕು ಹಿಡಿದವರು ಇದ್ದರು, ಕಾಶ್ಮೀರದವರು. ಅವರು ನಮಾಜು ಮಾಡುವುದನ್ನು ಕ್ಯಾಮೆರಾ ತೋರಿಸುತ್ತದೆ, ಧ್ವಜಕ್ಕೆ ಬೆಂಕಿ ಹಚ್ಚುವುದನ್ನು ತೋರಿಸುತ್ತದೆ, ಎರಡನ್ನೂ ಒಂದರ ಪಕ್ಕ ಒಂದು ಇಟ್ಟು ತೋರಿಸುತ್ತದೆ. ಅವರಲ್ಲಿ ಒಬ್ಬ, ಲಿಯಾಕತ್, ಕೊನೆಯಲ್ಲಿ ಮನಸ್ಸು ಬದಲಾಯಿಸುತ್ತಾನೆ ಅನ್ನುವುದನ್ನೂ ಹೇಳಬೇಕು, ಇಲ್ಲದಿದ್ದರೆ ನ್ಯಾಯವಾಗದು. ಆದರೆ ಅವರು ಯಾಕೆ ಹಾಗಾದರು ಎಂದು ಕೇಳುವ ವ್ಯವಧಾನ ಆ ಚಿತ್ರಕ್ಕಿಲ್ಲ. ಶ್ಯಾಮಾಳಿಗಾದರೋ ಮದುವೆಯ ದೃಶ್ಯ ಇದೆ, ಊರಿದೆ, ಗಂಡನನ್ನು ಕಳೆದುಕೊಂಡ ದುಃಖ ಇದೆ, ಹೆರಿಗೆನೋವು ಇದೆ. ಬಂದೂಕು ಅವಳ ಕೈಗೆ ಹೇಗೆ ಬಂತು ಅಂತ ನಮಗೆ ಗೊತ್ತಾಗುತ್ತದೆ. ಒಬ್ಬಳು ‘ನಮ್ಮವಳು’, ಇನ್ನೊಬ್ಬರು ‘ಅವರು’. ಒಂದೇ ಕೈ ಬರೆದ ಎರಡು ಹಿಂಸೆಗಳ ನಡುವೆ ಇರುವ ವ್ಯತ್ಯಾಸ ಇಷ್ಟೇ.

ಈ ‘ನಮ್ಮವರು’ ಅನ್ನುವುದಕ್ಕೆ ತಮಿಳಿನಲ್ಲಿ ಒಂದು ಮಾತಿದೆ, ‘ತೊಪ್ಪುಳ್ ಕೊಡಿ ಉರವು’. ಹೊಕ್ಕುಳಬಳ್ಳಿಯ ಸಂಬಂಧ ಎಂದರ್ಥ. ಈಳಂ ವಿಷಯ ಬಂದಾಗ ಚೆನ್ನೈಯ ವೇದಿಕೆಗಳಲ್ಲಿ ಈ ಮಾತು ಕೇಳದೆ ಇರುವುದೇ ಇಲ್ಲ. ಮಣಿರತ್ನಂ ಚಿತ್ರ ಇದನ್ನೇ ಅಕ್ಷರಶಃ ಕಥೆ ಮಾಡಿಕೊಂಡಿತು: ಹೊಕ್ಕುಳಬಳ್ಳಿ ಕಡಿದ ಮಗು, ಅದನ್ನು ಹುಡುಕಿಕೊಂಡು ಸಮುದ್ರ ದಾಟುವುದು. ಕಾಡಿನಲ್ಲಿ ಹೋರಾಟಗಾರರ ಕೈಗೆ ಸಿಕ್ಕಿಬಿದ್ದಾಗ ತಿರುಚೆಲ್ವನ್‌ನ ನೆರವಿಗೆ ಬರುವುದೂ ಅವನ ಬಾಯಿಯ ತಮಿಳೇ. ಜೊತೆಗಿದ್ದ ಸಿಂಹಳ ಡಾಕ್ಟರಿಗೆ (ಪ್ರಕಾಶ್ ರೈ ಮಾಡಿದ ಪಾತ್ರ) ಆ ಅದೃಷ್ಟ ಇಲ್ಲ, ಅವನು ತಮಿಳನ ನೆರಳಲ್ಲಿ ಬದುಕಬೇಕು. ತಮಿಳು ಬಂದರೆ ಜೀವ ಉಳಿಯುತ್ತದೆ ಅನ್ನೋದು ಚಿತ್ರದ ನಂಬಿಕೆ. ಈ ನಂಬಿಕೆಗೆ ಮುಂದೆ ಮತ್ತೆ ಬರುತ್ತೇನೆ.

ವಿದ್ಯಾರ್ಥಿಗಳಿಗಾಗಿ ಹಿನ್ನೆಲೆ ಸ್ವಲ್ಪ. ಬ್ರಿಟಿಷರು ಹೋದ ವರ್ಷವೇ, 1948ರಲ್ಲೇ, ಒಂದು ಪೌರತ್ವ ಕಾನೂನು ಬಂದು ಚಹಾತೋಟದ ಲಕ್ಷಾಂತರ ತಮಿಳರು ಯಾವ ದೇಶದವರೂ ಅಲ್ಲದಂತಾದರು. 1956ರಲ್ಲಿ ಸಿಂಹಳ ಒಂದೇ ಆಡಳಿತ ಭಾಷೆ ಎಂಬ ಕಾನೂನು. ಎಪ್ಪತ್ತರ ದಶಕದಲ್ಲಿ ವಿಶ್ವವಿದ್ಯಾಲಯದ ಸೀಟಿಗೆ ತಮಿಳು ಹುಡುಗರು ಹೆಚ್ಚು ಅಂಕ ತೆಗೆಯಬೇಕಾದ ವ್ಯವಸ್ಥೆ. 1981ರ ಮೇ 31ರ ರಾತ್ರಿ ಜಾಫ್ನಾ ಗ್ರಂಥಾಲಯಕ್ಕೆ ಬೆಂಕಿ, ಸುಮಾರು 97,000 ಪುಸ್ತಕ ಮತ್ತು ತಾಳೆಗರಿ ಬೂದಿ. 1983ರ ಜುಲೈಯಲ್ಲಿ ಕೊಲಂಬೊದ ಬೀದಿಗಳಲ್ಲಿ ತಮಿಳರ ಬೇಟೆ. ಆ ಜುಲೈಯಿಂದ 2012ರವರೆಗೆ ಭಾರತಕ್ಕೆ ಬಂದ ನಿರಾಶ್ರಿತರು ಮೂರು ಲಕ್ಷಕ್ಕೂ ಹೆಚ್ಚು ಎಂದು ಕೇಂದ್ರ ಗೃಹ ಇಲಾಖೆಯ ಲೆಕ್ಕ. 2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲ್‌ನ ಮರಳಿನ ಮೇಲೆ ಯುದ್ಧ ಮುಗಿಯಿತು, ಸಾವಿರಾರು ಸಾಮಾನ್ಯ ಜನರನ್ನು ನುಂಗಿ. ಬಹುಸಂಖ್ಯಾತರು ಸರಕಾರವನ್ನು ಸ್ವಂತ ಆಸ್ತಿ ಅಂದುಕೊಂಡರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಭಾಗದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆ ಸಿಗುವುದು ಕಷ್ಟ. ಚೆನ್ನೈಯ ಸಿಟ್ಟಿಗೆ ಕಾರಣ ಇತ್ತು. ಇದನ್ನು ಒಪ್ಪಿಕೊಂಡೇ ಮುಂದಿನ ಮಾತು.

2013 ಮತ್ತು 2014ರ ಚೆನ್ನೈ ನೆನಪು ಮಾಡಿಕೊಳ್ಳಿ. ಯುದ್ಧದ ಕೊನೆಯ ದಿನಗಳ ಚಿತ್ರಗಳು ಹೊರಗೆ ಬಂದಿದ್ದವು, ವಿದ್ಯಾರ್ಥಿಗಳು ಬೀದಿಗಿಳಿದಿದ್ದರು. ಚೆನ್ನೈಯಲ್ಲಿ ನಡೆಯುವ ಐಪಿಎಲ್ ಪಂದ್ಯಗಳಲ್ಲಿ ಶ್ರೀಲಂಕಾ ಆಟಗಾರರು ಇರಕೂಡದು ಎಂದು ಜಯಲಲಿತಾ ಹೇಳಿದರು. ಆ 2013ರ ಮಾರ್ಚಿನಲ್ಲೇ ಸೆಂಟ್ರಲ್ ಸ್ಟೇಷನ್ನಿನಲ್ಲಿ ಒಬ್ಬ ಸಿಂಹಳ ಬೌದ್ಧ ಭಿಕ್ಷುವಿನ ಮೇಲೆ ಹಲ್ಲೆಯಾಯಿತು. ‘ಮದ್ರಾಸ್ ಕೆಫೆ’ ತಮಿಳುನಾಡಿನಲ್ಲಿ ಬಿಡುಗಡೆ ಆಗಲಿಲ್ಲ. ಮರುವರ್ಷ ಸಂತೋಷ್ ಶಿವನ್ ಅವರ ‘ಇನಂ’ ತೆರೆಕಂಡ ಕೆಲವೇ ದಿನಕ್ಕೆ ಚಿತ್ರಮಂದಿರಗಳಿಂದ ವಾಪಸಾಯಿತು. ಇವುಗಳ ಬಗ್ಗೆ ನನಗೆ ಅಂಥ ಸಂಕಟವೇನಿಲ್ಲ. ‘ಮದ್ರಾಸ್ ಕೆಫೆ’ ಅಂತೂ ಒಂದು ಸಾಧಾರಣ ಗೂಢಚಾರಿ ಸಿನಿಮಾ.

ಸಂಕಟ ಇರುವುದು ಪ್ರಸನ್ನ ವಿತಾನಗೆ ಅವರ ಚಿತ್ರದ ಬಗ್ಗೆ. ವಿತಾನಗೆ ಸಿಂಹಳ ನಿರ್ದೇಶಕರು. ಯುದ್ಧದಲ್ಲಿ ಸತ್ತ ಮಗನ ಶವಪೆಟ್ಟಿಗೆಯನ್ನು ನಂಬದ ಒಬ್ಬ ಕುರುಡು ತಂದೆಯ ಕಥೆಯನ್ನು ಅವರು 1997ರಲ್ಲಿ ಸಿನಿಮಾ ಮಾಡಿದ್ದರು. ಅವರದೇ ಸರಕಾರ ಅದನ್ನು ತಡೆಹಿಡಿಯಿತು, ಅವರು ಸುಪ್ರೀಂ ಕೋರ್ಟಿಗೆ ಹೋಗಿ ಗೆದ್ದು ಬಂದರು. ಆಮೇಲೆ 2012ರಲ್ಲಿ ‘ವಿತ್ ಯೂ ವಿದೌಟ್ ಯೂ’ ಮಾಡಿದರು. ದೋಸ್ತೋವ್‌ಸ್ಕಿಯ ಒಂದು ಕಥೆಯನ್ನು ಶ್ರೀಲಂಕಾದ ಬೆಟ್ಟದೂರಿಗೆ ತಂದ ಚಿತ್ರ ಅದು. ಸರತ್‌ಸಿರಿ ಒಡವೆ ಒತ್ತೆ ಇಟ್ಟುಕೊಂಡು ಸಾಲ ಕೊಡುವವನು, ಹೆಚ್ಚು ಮಾತಿಲ್ಲದ ಮನುಷ್ಯ. ಅವನ ಅಂಗಡಿಗೆ ಒಡವೆ ಇಡಲು ಬರುವ ತಮಿಳು ಹುಡುಗಿ ಸೆಲ್ವಿ, ಉತ್ತರದಿಂದ ಜೀವ ಉಳಿಸಿಕೊಂಡು ಬಂದವಳು. ಮದುವೆಯಾಗುತ್ತಾರೆ. ಮದುವೆಯಾದ ಮೇಲೆ ಅವಳಿಗೆ ತಿಳಿಯುತ್ತದೆ, ಗಂಡ ಒಂದು ಕಾಲಕ್ಕೆ ಸೈನ್ಯದಲ್ಲಿದ್ದವನು. ಅವಳ ಅಣ್ಣತಮ್ಮಂದಿರನ್ನು ಕೊಂದದ್ದು ಸೈನ್ಯ.

ಇಷ್ಟರಲ್ಲೇ ಇಡೀ ದೇಶದ ಸಂಸಾರ ಬಂತು ನೋಡಿ. ಒತ್ತೆ ಅಂಗಡಿಯ ಆ ಕಬ್ಬಿಣದ ಜಾಲರಿ, ಒಳಗೆ ಅವನು, ಹೊರಗೆ ಅವಳು. ಬೆಲೆ ಕಟ್ಟುವವನು ಅವನು. ಮದುವೆಯಾದ ಮೇಲೆ ಅವಳು ಜಾಲರಿಯ ಒಳಗೆ ಬರುತ್ತಾಳೆ, ಆದರೆ ಜಾಲರಿ ಹೋಗುವುದಿಲ್ಲ. ಸರತ್‌ಸಿರಿಗೆ ಅವಳ ಮೇಲೆ ಪ್ರೀತಿ ಇದೆ, ಸುಳ್ಳಲ್ಲ. ಆದರೆ ಪ್ರೀತಿ ಕೊಟ್ಟರೆ ಹಳೆಯ ಲೆಕ್ಕ ಚುಕ್ತಾ ಆಗುತ್ತದೆ ಅಂದುಕೊಂಡಿದ್ದಾನೆ. ಸೆಲ್ವಿಗೆ ಬೇಕಾದದ್ದು ಅದಲ್ಲ. ಅವನು ತಾನು ಮಾಡಿದ್ದನ್ನು ಬಾಯಿ ಬಿಟ್ಟು ಹೇಳಬೇಕು. ಬಹುಸಂಖ್ಯಾತನ ಪಶ್ಚಾತ್ತಾಪ ಎಲ್ಲಿ ತಡವರಿಸುತ್ತದೆ ಅನ್ನುವುದನ್ನು ಇಷ್ಟು ಸಣ್ಣ ದನಿಯಲ್ಲಿ, ಇಷ್ಟು ನಿಖರವಾಗಿ ಹೇಳಿದ ಇನ್ನೊಂದು ಚಿತ್ರ ನಾನು ನೋಡಿಲ್ಲ. ಸೆಲ್ವಿಯಾಗಿ ನಟಿಸಿದ ಅಂಜಲಿ ಪಾಟೀಲ್‌ಗೆ ಗೋವಾ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟಿ ಪ್ರಶಸ್ತಿ ಬಂತು.

ಈ ಚಿತ್ರ 2014ರ ಜೂನಿನಲ್ಲಿ ಚೆನ್ನೈಗೆ ಬಂದಾಗ ಏನಾಯಿತು? ಬೆದರಿಕೆ ಕರೆಗಳು ಬಂದವು, ಪ್ರದರ್ಶನ ರದ್ದಾಯಿತು. ನಿರ್ದೇಶಕ ಸಿಂಹಳದವನು, ಅಷ್ಟೇ ಸಾಕಾಯಿತು. ತನ್ನ ಜನ ಮಾಡಿದ ತಪ್ಪನ್ನು ತನ್ನ ಭಾಷೆಯಲ್ಲಿ ತನ್ನ ಜನರ ಮುಂದೆ ಹೇಳಿದವನು, ಆ ತಪ್ಪಿನಿಂದ ನೊಂದವರ ಬಂಧುಗಳೆಂದು ಹೇಳಿಕೊಳ್ಳುವವರ ಊರಿನಲ್ಲಿ ಮಾತಾಡಲಾಗಲಿಲ್ಲ. ಹೊಕ್ಕುಳಬಳ್ಳಿಯ ಲೆಕ್ಕದಲ್ಲಿ ಅವನಿಗೆ ಜಾಗ ಎಲ್ಲಿ?

ಅದೇ ಜೂನ್ ತಿಂಗಳಲ್ಲಿ, 15 ಮತ್ತು 16ರಂದು, ಲಂಕೆಯ ನೈಋತ್ಯ ಕರಾವಳಿಯ ಅಳುತ್‌ಗಮದಲ್ಲಿ ಇನ್ನೊಂದು ಸಂಗತಿ ನಡೆಯಿತು. ಬೋಡು ಬಲ ಸೇನಾ ಎಂಬ ಬೌದ್ಧ ಸಂಘಟನೆಯ ಸಭೆಯ ನಂತರ ಗುಂಪು ಮುಸ್ಲಿಮರ ಮನೆ, ಅಂಗಡಿ, ಮಸೀದಿಗಳ ಮೇಲೆ ಬಿತ್ತು. ತಮಿಳರ ವಿರುದ್ಧದ ಯುದ್ಧ ಗೆದ್ದು ಐದು ವರ್ಷ ಆಗಿತ್ತು. ಬಹುಸಂಖ್ಯಾತರ ರಾಜಕೀಯಕ್ಕೆ ಒಬ್ಬ ಶತ್ರು ಮುಗಿದರೆ ಇನ್ನೊಬ್ಬ ಬೇಕು. 2018ರಲ್ಲಿ ಕ್ಯಾಂಡಿಯ ದಿಗನ, 2019ರ ಈಸ್ಟರ್ ಬಾಂಬ್ ದಾಳಿಯ ನಂತರ ಅಮಾಯಕರ ಮೇಲೆ ಹಗೆ, ಕೋವಿಡ್ ಕಾಲದಲ್ಲಿ ಮುಸ್ಲಿಮರ ಶವಗಳನ್ನೂ ಬಲವಂತವಾಗಿ ಸುಡಬೇಕೆಂಬ ಆಜ್ಞೆ. ದಫನಕ್ಕೆ ಮಣ್ಣು ಕೊಡದ ಆ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಸುಟ್ಟವರಲ್ಲಿ ಇಪ್ಪತ್ತು ದಿನದ ಒಂದು ಹಸುಗೂಸೂ ಇತ್ತು.

ಇಲ್ಲಿಂದ ನಾನು ಹೇಳಬೇಕಾದ ಮಾತಿಗೆ ಬರುತ್ತೇನೆ. ಶ್ರೀಲಂಕಾದ ಕಥೆಯಲ್ಲಿ ಇಬ್ಬರೇ ಇಲ್ಲ. ಅಲ್ಲಿಯ ಮುಸ್ಲಿಮರಲ್ಲಿ ಹೆಚ್ಚಿನವರ ಮನೆಮಾತು ತಮಿಳು. ಆದರೂ ಅವರು ತಮ್ಮನ್ನು ತಮಿಳರು ಎಂದು ಕರೆದುಕೊಳ್ಳುವುದಿಲ್ಲ, ಸೋನಗರು ಅಥವಾ ಬರಿದೆ ಮುಸ್ಲಿಮರು ಅನ್ನುತ್ತಾರೆ. ಇದು ಇವತ್ತಿನ ಜಗಳ ಅಲ್ಲ. 1880ರ ದಶಕದಲ್ಲೇ ತಮಿಳು ನಾಯಕ ಪೊನ್ನಂಬಲಂ ರಾಮನಾಥನ್, ಇವರೂ ಮೂಲದಲ್ಲಿ ತಮಿಳರೇ, ಬೇರೆ ಜನಾಂಗ ಅಲ್ಲ ಎಂದು ವಾದಿಸಿದರು. ಮುಸ್ಲಿಮರ ಪರವಾಗಿ ಐ.ಎಲ್.ಎಂ. ಅಬ್ದುಲ್ ಅಝೀಝ್ 1907ರಲ್ಲಿ ಅದಕ್ಕೆ ಉತ್ತರ ಬರೆದರು. ‘ನೀವೂ ನಮ್ಮವರೇ’ ಅನ್ನುವುದು ಕೇಳಲು ಹಿತ. ಆದರೆ ಹಾಗಂದವರು ಮುಂದಿನ ಸಾಲಿನಲ್ಲಿ ‘ಆದ್ದರಿಂದ ನಿಮಗೆ ಬೇರೆ ಪ್ರಾತಿನಿಧ್ಯ ಬೇಡ’ ಅಂದರೆ? ಮನೆಯಲ್ಲಿ ಬ್ಯಾರಿ ಮಾತಾಡಿ, ಪೇಟೆಯಲ್ಲಿ ತುಳು ಆಡಿ, ಬರೆಯುವುದು ಕನ್ನಡದಲ್ಲಿ ಅನ್ನುವ ನಮ್ಮ ಕಡೆಯವರಿಗೆ ಈ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಾಗಿಲ್ಲ.

1990ರಲ್ಲಿ ಈ ಇಕ್ಕಟ್ಟು ರಕ್ತಕ್ಕೆ ತಿರುಗಿತು. ಆಗಸ್ಟ್ 3ರಂದು ಪೂರ್ವ ಕರಾವಳಿಯ ಕಾತ್ತಾನ್‌ಕುಡಿಯ ಎರಡು ಮಸೀದಿಗಳಲ್ಲಿ ಇಶಾ ನಮಾಜಿಗೆ ನಿಂತಿದ್ದ ನೂರಕ್ಕೂ ಹೆಚ್ಚು ಜನರನ್ನು, ಮಕ್ಕಳನ್ನೂ ಸೇರಿಸಿ, ಕೊಂದರು. ಕೊಂದವರು ಎಲ್‌ಟಿಟಿಇಯವರು ಅನ್ನುವುದು ಬದುಕುಳಿದವರ ಸಾಕ್ಷ್ಯ. ಅಕ್ಟೋಬರ್ ಕೊನೆಯಲ್ಲಿ ಉತ್ತರದ ಐದು ಜಿಲ್ಲೆಗಳಿಂದ ಮುಸ್ಲಿಮರನ್ನು ಪೂರ್ತಿ ಹೊರಹಾಕಿದರು. ಜಾಫ್ನಾದಲ್ಲಿ ಅಕ್ಟೋಬರ್ 30ರಂದು ಧ್ವನಿವರ್ಧಕದಲ್ಲಿ ಕೂಗಿ ಮೈದಾನಕ್ಕೆ ಕರೆದರು, ಎರಡು ಗಂಟೆ ಸಮಯ ಕೊಟ್ಟರು. ಉಟ್ಟ ಬಟ್ಟೆ, ಕೈಯಲ್ಲಿ ಕೆಲವು ನೂರು ರೂಪಾಯಿ. ಹೊರಡುವ ದಾರಿಯಲ್ಲಿ ಹೆಂಗಸರ ಕಿವಿಯೋಲೆ ಬಿಚ್ಚಿಸಿಕೊಂಡರು. ಒಟ್ಟು ಸುಮಾರು 75,000 ಜನ. ಹೆಚ್ಚಿನವರು ಪುತ್ತಳಂಗೆ ಹೋಗಿ ಕೊಟ್ಟಿಗೆಗಳಲ್ಲಿ, ತೆಂಗಿನ ಗರಿಯ ಗುಡಿಸಲುಗಳಲ್ಲಿ ಇಪ್ಪತ್ತು ವರ್ಷ ಕಳೆದರು. ಅವರೆಲ್ಲರ ಬಾಯಲ್ಲೂ ತಮಿಳು ಇತ್ತು. ಕಾಡಿನಲ್ಲಿ ತಿರುಚೆಲ್ವನ್‌ನ ಕೈಹಿಡಿದ ತಮಿಳು ಇವರ ಕೈ ಹಿಡಿಯಲಿಲ್ಲ.

‘ಕನ್ನತ್ತಿಲ್ ಮುತ್ತಮಿಟ್ಟಾಲ್’ ಬಿಡುಗಡೆ ಆದದ್ದು 2002ರ ಫೆಬ್ರವರಿಯಲ್ಲಿ, ಕದನವಿರಾಮದ ಒಪ್ಪಂದಕ್ಕೆ ಸಹಿ ಬಿದ್ದ ತಿಂಗಳು. ಎರಡು ತಿಂಗಳ ನಂತರ ಕಿಳಿನೊಚ್ಚಿಯಲ್ಲಿ ಪ್ರಭಾಕರನ್ ಪತ್ರಿಕಾಗೋಷ್ಠಿ ಕರೆದಾಗ ಪತ್ರಕರ್ತರು ಈ ಹೊರದಬ್ಬುವಿಕೆಯ ಬಗ್ಗೆ ಕೇಳಿದರು. ಅದು ರಾಜಕೀಯ ತಪ್ಪು ಎಂದು ಪಕ್ಕದಲ್ಲಿದ್ದ ಆಂಟನ್ ಬಾಲಸಿಂಗಂ ಒಪ್ಪಿಕೊಂಡರು. ಅಂದರೆ ಮಾಡಿದವರೇ ಒಪ್ಪಿದ ತಪ್ಪು. ತಮಿಳು ನಾಯಕ ಸುಮಂತಿರನ್ ಅದನ್ನು ಜನಾಂಗೀಯ ನಿರ್ಮೂಲನೆ ಎಂದೇ ಕರೆದು ತಮ್ಮವರಿಂದ ಬೈಸಿಕೊಂಡರು. ಜಾಫ್ನಾದ ತಮಿಳರು ಇಷ್ಟು ಮಾತಾಡಿದ್ದಾರೆ. ಚೆನ್ನೈಯ ದೊಡ್ಡ ತೆರೆ ಮಾತ್ರ ಈ 75,000 ಜನರಿಗೆ ಒಂದು ಕಥೆ ಕೊಟ್ಟದ್ದನ್ನು ನಾನು ಕಂಡಿಲ್ಲ. ‘ತೆನಾಲಿ’ಯಲ್ಲಿ ಜಾಫ್ನಾ ತಮಿಳು ನಗೆಗೆ ಬಂತು, ‘ನಂದಾ’ದಲ್ಲಿ ನಿರಾಶ್ರಿತ ಹುಡುಗಿ ಬಂದಳು, ಸ್ಪಿನ್ ಬೌಲರ್ ಮುರಳೀಧರನ್ ಬದುಕಿನ ‘800’ ಚಿತ್ರದಿಂದ ವಿಜಯ್ ಸೇತುಪತಿ ಹಿಂದೆ ಸರಿಯುವಷ್ಟು ಗಲಾಟೆ 2020ರಲ್ಲಿ ಆಯಿತು. ಬಂದದ್ದೆಲ್ಲ ಇಬ್ಬರ ಕಥೆ, ಮೂರನೆಯವನು ಎಲ್ಲೂ ಇಲ್ಲ.

ಸಿನಿಮಾಕ್ಕೆ ಹೋಲಿಸಿದರೆ ಚೆನ್ನೈಯ ಪುಸ್ತಕಲೋಕ ವಾಸಿ. ಎಂ.ಎ. ನುಹ್ಮಾನ್ ಎಂಬ ಹೆಸರನ್ನು ನಮ್ಮ ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಬೇಕು. ಪೂರ್ವ ಶ್ರೀಲಂಕಾದ ಕಲ್ಮುನೈ ಕಡೆಯ ಮುಸ್ಲಿಂ ಕವಿ, ಭಾಷಾವಿಜ್ಞಾನಿ, ಜಾಫ್ನಾ ಮತ್ತು ಪೇರಾದೆನಿಯ ವಿಶ್ವವಿದ್ಯಾಲಯಗಳಲ್ಲಿ ಪಾಠ ಮಾಡಿದವರು. ಜಾಫ್ನಾ ಗ್ರಂಥಾಲಯ ಸುಟ್ಟಾಗ ಅದರ ಬಗ್ಗೆ ಬಂದ ಕವಿತೆಗಳಲ್ಲಿ ಎಲ್ಲರೂ ನೆನಪಿಟ್ಟದ್ದು ಇವರ ‘ಬುದ್ಧನ ಕೊಲೆ’. ಗ್ರಂಥಾಲಯಕ್ಕೆ ಕೊಳ್ಳಿ ಇಟ್ಟವರು ನಿಜಕ್ಕೂ ಕೊಂದದ್ದು ತಮ್ಮದೇ ಬುದ್ಧನನ್ನು ಅನ್ನುವುದು ಅದರ ತಿರುಳು. ತಮಿಳರ ಅತಿ ದೊಡ್ಡ ಸಾಂಸ್ಕೃತಿಕ ಗಾಯದ ಕವಿತೆ ಬರೆದವರು ‘ತಮಿಳರಲ್ಲದ’ ತಮಿಳು ಕವಿ. ಆ ಕವಿತೆಯಲ್ಲಿ ಸಿಂಹಳರನ್ನು ಬೈಯುವುದು ಸುಲಭ ಇತ್ತು, ಅವರು ಹಾಗೆ ಮಾಡದೆ ಸಿಂಹಳರ ಮನೆಯೊಳಗಿನ ಮೂರ್ತಿಯನ್ನೇ ಸಾಕ್ಷಿಗೆ ಕರೆದರು. ಪ್ಯಾಲೆಸ್ತೀನಿ ಕವಿತೆಗಳನ್ನು ಆ ಕಾಲದಲ್ಲೇ ತಮಿಳಿಗೆ ತಂದವರೂ ಅವರೇ. ಜಾಫ್ನಾದ ಎ. ಯೇಸುರಾಸಾ ಅವರೊಂದಿಗೆ ಸೇರಿ ಅವರು ಸಂಪಾದಿಸಿದ ಹನ್ನೊಂದು ಈಳಂ ಕವಿಗಳ ಸಂಕಲನವನ್ನು 1984ರಲ್ಲಿ ಪ್ರಕಟಿಸಿದ್ದು ಚೆನ್ನೈಯ ಕ್ರಿಯಾ ಪ್ರಕಾಶನ. ಒಬ್ಬ ಮುಸ್ಲಿಮ, ಒಬ್ಬ ಕ್ರೈಸ್ತ, ಚೆನ್ನೈಯ ಅಚ್ಚು.

ಚೆನ್ನೈಯೊಳಗೇ ಇನ್ಕುಲಾಬ್ ಇದ್ದರು. ಕೀಳಕ್ಕರೈಯಲ್ಲಿ ಶಾಹುಲ್ ಹಮೀದ್ ಆಗಿ ಹುಟ್ಟಿ, ರಾಯಪೇಟೆಯ ನ್ಯೂ ಕಾಲೇಜಿನಲ್ಲಿ ತಮಿಳು ಪಾಠ ಮಾಡಿದ ಕವಿ. ದಲಿತರ ಪರ, ಈಳಂ ತಮಿಳರ ಪರ ಕೊನೆಯವರೆಗೂ ನಿಂತವರು. ಸತ್ತ ಮೇಲೆ ಬಂದ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನು ಅವರ ಮನೆಯವರು ಬೇಡ ಅಂದರು. ಅವರ ಕವಿತೆಗಳಲ್ಲಿ ಘೋಷಣೆ ಜಾಸ್ತಿ, ನುಹ್ಮಾನ್ ಅವರ ಸಂಯಮ ಇಲ್ಲ. ಆದರೆ ಅವರು ಯಾರ ಹೊಕ್ಕುಳಬಳ್ಳಿಯನ್ನೂ ಹುಡುಕಿಕೊಂಡು ಹೋದವರಲ್ಲ.

ಈಗ ನಮ್ಮ ಮನೆಯ ಮಾತು. ಕಾತ್ತಾನ್‌ಕುಡಿಯ ಕಥೆ ನಮ್ಮ ವಲಯದಲ್ಲಿ ಕೆಲವರಿಗಾದರೂ ಗೊತ್ತು, ಆಗಸ್ಟ್ ಬಂದರೆ ಮೊಬೈಲಿನಲ್ಲಿ ಫೋಟೋ ಓಡಾಡುತ್ತವೆ. ಒಂಬತ್ತೇ ದಿನದ ನಂತರ ಅಂಪಾರೈ ಜಿಲ್ಲೆಯ ವೀರಮುನೈಯಲ್ಲಿ ಏನಾಯಿತು ಎಂದು ಕೇಳಿ ನೋಡಿ, ಯಾರಿಗೂ ಗೊತ್ತಿಲ್ಲ. ಪಿಳ್ಳೈಯಾರ್ ಗುಡಿಯಲ್ಲಿ ಆಶ್ರಯ ಪಡೆದಿದ್ದ ತಮಿಳರನ್ನು ಕೊಂದರು. ಕೊಂದವರೆಂದು ಊರಿನವರು ಬೆರಳು ತೋರಿಸಿದ್ದು ಸರಕಾರ ಬಂದೂಕು ಕೊಟ್ಟಿದ್ದ ಮುಸ್ಲಿಂ ಗೃಹರಕ್ಷಕರ ಕಡೆಗೆ. ಇದನ್ನು ನಾನು ಸಮಕ್ಕೆ ಸಮ ತೂಗಲು ಹೇಳುತ್ತಿಲ್ಲ. ಚೆನ್ನೈ ಮಾಡಿದ ತಪ್ಪನ್ನು ನಾವೂ ಮಾಡುತ್ತೇವೆ ಅನ್ನುವುದಕ್ಕೆ ಹೇಳುತ್ತಿದ್ದೇನೆ. ಅವರ ಅಳತೆಗೋಲು ಭಾಷೆ, ನಮ್ಮದು ದೀನ್. ಸತ್ತವನ ಹೆಸರು ಕೇಳಿದ ಮೇಲೆ ಅಳಬೇಕೋ ಬೇಡವೋ ಎಂದು ನಿರ್ಧರಿಸುವುದು ಎರಡೂ ಕಡೆ ಒಂದೇ. 1983ರ ಜುಲೈ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ನಾವೇ ಬರೆದದ್ದು ಎಷ್ಟು?

ಬೆಂಗಳೂರಿಗೂ ಇದು ದೂರದ ಮಾತಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಬೆಂಗಳೂರಿನ ತಮಿಳರ ಗುಡಿಸಲಿಗೆ ಬೆಂಕಿ ಬಿತ್ತು. 1994ರ ಅಕ್ಟೋಬರಿನಲ್ಲಿ ದೂರದರ್ಶನದ ಉರ್ದು ವಾರ್ತೆಯ ಹೆಸರಿನಲ್ಲಿ ಅದೇ ಊರಿನಲ್ಲಿ ಮುಸ್ಲಿಮರ ಮೇಲೆ ದಾಳಿಯಾಯಿತು. ಮೂರು ವರ್ಷದೊಳಗೆ ಎರಡು ಗಲಭೆ, ಎರಡರ ಬಾವುಟದಲ್ಲೂ ಭಾಷೆ. ಒಂದನ್ನು ತಮಿಳರು ನೆನಪಿಟ್ಟುಕೊಂಡರು, ಇನ್ನೊಂದನ್ನು ನಾವು. ಎರಡನ್ನೂ ಒಟ್ಟಿಗೆ ಇಟ್ಟು ನೋಡುವ ಕಾದಂಬರಿ ಕನ್ನಡದಲ್ಲಿ ಬಂದಿದ್ದರೆ ದಯವಿಟ್ಟು ತಿಳಿಸಿ, ನಾನು ಓದಿಲ್ಲ. ನಿಸಾರ್ ಅಹಮದರ ‘ನಿತ್ಯೋತ್ಸವ’ವನ್ನು ರಾಜ್ಯೋತ್ಸವದ ದಿನ ಹಾಡುವ ಬೀದಿಯಲ್ಲೇ ನಿಸಾರ್ ಎಂಬ ಹೆಸರಿನವನಿಗೆ ಬಾಡಿಗೆ ಮನೆ ಸಿಗದಿರುವುದು ಹೊಸ ಸುದ್ದಿಯೇನಲ್ಲ.

ಬಾಡಿಗೆ ಮನೆ ಅಂದೆ, ‘ಟೂರಿಸ್ಟ್ ಫ್ಯಾಮಿಲಿ’ ನೆನಪಾಯಿತು. ಆ ಚಿತ್ರದ ಜೀವ ಇರುವುದೇ ಬಾಡಿಗೆ ಮನೆಯಲ್ಲಿ. ಧರ್ಮದಾಸ್, ವಾಸಂತಿ ಯುದ್ಧದಿಂದ ಓಡಿಬಂದವರಲ್ಲ, 2022ರ ಆರ್ಥಿಕ ಕುಸಿತದಿಂದ ಓಡಿಬಂದವರು. ಕಾಗದಪತ್ರ ಇಲ್ಲ. ಚೆನ್ನೈಯ ಒಂದು ಕಾಲೋನಿಯಲ್ಲಿ ಮನೆ ಸಿಕ್ಕಿದೆ, ಆದರೆ ಬಾಯಿ ಬಿಟ್ಟರೆ ಮಾತಿನ ಧಾಟಿ ಹಿಡಿದುಕೊಡುತ್ತದೆ. ಬಾಯಿ ಬಿಗಿಹಿಡಿದು ಬದುಕಬೇಕು. ಅದು ಅವರ ಕೈಲಾಗುವುದಿಲ್ಲ, ಒಳ್ಳೆಯ ಜನ, ನೆರೆಹೊರೆಯವರ ಸಾವುನೋವಿಗೆ ಹೋಗಿಯೇ ಹೋಗುತ್ತಾರೆ. ರಾಮೇಶ್ವರದಲ್ಲಿ ಬಾಂಬು ಸಿಡಿದಾಗ ಪೊಲೀಸರ ಕಣ್ಣು ಇವರ ಮೇಲೆ ಬೀಳುತ್ತದೆ. ಕೊನೆಗೆ ಪೊಲೀಸರು ಮಾತಿನ ಧಾಟಿ ಹಿಡಿದು ಹುಡುಕಲು ಬಂದಾಗ ಕಾಲೋನಿಯವರೆಲ್ಲ ಈಳಂ ಧಾಟಿಯಲ್ಲೇ ಮಾತಾಡತೊಡಗುತ್ತಾರೆ.

ನಾನು ಆ ದೃಶ್ಯಕ್ಕೆ ಕಣ್ಣೀರು ಹಾಕಿದೆ, ಮುಚ್ಚಿಡುವುದು ಯಾಕೆ? ಹೆಸರು ಹೇಳಿದ ಕೂಡಲೇ ‘ಅಯ್ಯೋ, ನಿನ್ನೆಯೇ ಅಡ್ವಾನ್ಸ್ ಕೊಟ್ಟುಬಿಟ್ಟರಲ್ಲ’ ಅನ್ನುವ ಬ್ರೋಕರುಗಳ ಹಿಂದೆ ಚೆನ್ನೈಯಲ್ಲಿ ಒಂದೂವರೆ ತಿಂಗಳು ಅಲೆದು, ಕೊನೆಗೆ ತಿರುವಲ್ಲಿಕೇಣಿಯ ಮ್ಯಾನ್ಷನ್ ರೂಮಿಗೆ ಬಿದ್ದವನು ನಾನು. ಬಾಂಬು ಎಲ್ಲೋ ಸಿಡಿದರೆ ತನ್ನ ಮನೆ ಬಾಗಿಲ ಕಡೆ ನೋಡಿಕೊಳ್ಳುವ ಭಯ ಯಾರದು ಅಂತ ನಮಗೆ ಯಾರೂ ಕಲಿಸಬೇಕಾಗಿಲ್ಲ. ಈ ಚಿತ್ರ ನಮ್ಮ ಕಥೆಯನ್ನೇ ಹೇಳುತ್ತಿದೆ ಅನ್ನಿಸಿತು. ಹಾಗೆ ಅನ್ನಿಸಿದ ಗಳಿಗೆಯಲ್ಲೇ ಇನ್ನೊಂದೂ ಅನ್ನಿಸಿತು: ಬಂದವರು ಮನ್ನಾರಿನ ರವೂಫ್ ಮತ್ತು ಫಾತಿಮಾ ಆಗಿದ್ದರೆ ಚಿತ್ರಕಥೆ ಇಷ್ಟು ಸಲೀಸಾಗಿ ಸಾಗುತ್ತಿತ್ತಾ? ಅವರದ್ದೂ ಅದೇ ದೋಣಿ, ಅದೇ ಹಸಿವು, ಅದೇ ಧಾಟಿ. ಕಾಲೋನಿಯವರು ಧಾಟಿಯನ್ನೇನೋ ಅನುಕರಿಸಬಹುದು. ಹೆಸರನ್ನು?

ಚಿತ್ರದ ದೋಷ ಇದು ಎಂದು ನಾನು ಹೇಳಲಾರೆ. ಎರಡು ಗಂಟೆಯ ನಗುಅಳುವಿನ ಸಿನಿಮಾ ಎಲ್ಲವನ್ನೂ ಹೊರಬೇಕಾಗಿಲ್ಲ. ದೋಷ ಬೇರೊಂದಿದೆ: ಅದು ಕಾನೂನನ್ನು ಒಳ್ಳೆಯತನದಿಂದ ಗೆಲ್ಲುತ್ತದೆ. ನಿಜದ ತಮಿಳುನಾಡಿನಲ್ಲಿ ನಿರಾಶ್ರಿತರ ಶಿಬಿರಗಳು ಇನ್ನೂ ಇವೆ. 2021ರಲ್ಲಿ ಸ್ಟಾಲಿನ್ ಸರಕಾರ ಅವುಗಳಿಗೆ ಪುನರ್ವಸತಿ ಶಿಬಿರ ಎಂದು ಹೆಸರು ಬದಲಿಸಿತು, ಹೊಸ ಮನೆಗಳಿಗೆ ಹಣ ಕೊಟ್ಟಿತು, ಒಳ್ಳೆಯದೇ ಆಯಿತು. ಆದರೆ ಅಲ್ಲೇ ಹುಟ್ಟಿ, ಅಲ್ಲೇ ಓದಿ, ಅಲ್ಲೇ ಮಕ್ಕಳಾದವರಿಗೂ ಪೌರತ್ವದ ಪ್ರಶ್ನೆ ಬಿಟ್ಟಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆ ಮೂರು ದೇಶಗಳ ಹೆಸರು ಹೇಳಿತು, ಶ್ರೀಲಂಕಾ ಅದರಲ್ಲಿಲ್ಲ. ಆರು ಧರ್ಮಗಳ ಹೆಸರು ಹೇಳಿತು, ಇಸ್ಲಾಂ ಅದರಲ್ಲಿಲ್ಲ. ಒಂದೇ ಕಾಗದದಲ್ಲಿ ಈಳಂ ತಮಿಳನೂ ಮುಸ್ಲಿಮನೂ ಹೊರಗೆ. 2020ರ ಫೆಬ್ರವರಿಯಲ್ಲಿ ಉತ್ತರ ಚೆನ್ನೈಯ ವಣ್ಣಾರಪೇಟೆಯಲ್ಲಿ ನಮ್ಮ ತಾಯಂದಿರು ಹಗಲುರಾತ್ರಿ ಕೂತದ್ದು ಆ ಕಾಗದದ ವಿರುದ್ಧ. ಮರುವರ್ಷ ತಮಿಳುನಾಡು ವಿಧಾನಸಭೆ ನಿರ್ಣಯ ತಂದಾಗ ಎರಡೂ ಅನ್ಯಾಯಗಳ ಮಾತು ಒಂದೇ ಉಸಿರಿನಲ್ಲಿ ಬಂತು. ವಿಧಾನಸಭೆಗೆ ಹೊಳೆದದ್ದು ಕೋಡಂಬಾಕ್ಕಂಗೆ ಇನ್ನೂ ಹೊಳೆದಿಲ್ಲ ಅನ್ನಬೇಕಾಗಿದೆ.

ಹೊಳೆಯಲಾರದು ಅಂತೇನಲ್ಲ. ವಿತಾನಗೆ ಅವರ 2023ರ ‘ಪ್ಯಾರಡೈಸ್’ ಚಿತ್ರವನ್ನು ಜನರ ಮುಂದಿಟ್ಟದ್ದು ಮಣಿರತ್ನಂ ಅವರದೇ ಮದ್ರಾಸ್ ಟಾಕೀಸ್. 2014ರಲ್ಲಿ ಚೆನ್ನೈಯಲ್ಲಿ ಚಿತ್ರ ತೋರಿಸಲಾಗದೆ ಹೋದ ಸಿಂಹಳ ನಿರ್ದೇಶಕನಿಗೆ ಒಂಬತ್ತು ವರ್ಷದ ಮೇಲೆ ಚೆನ್ನೈಯ ಸಂಸ್ಥೆಯೊಂದು ಹೆಗಲು ಕೊಟ್ಟಿತು. ಅದರಲ್ಲಿ ಮಲಯಾಳಿ ಗಂಡಹೆಂಡತಿ ಪ್ರವಾಸಕ್ಕೆ ಹೋಗಿರುತ್ತಾರೆ, ಲ್ಯಾಪ್‌ಟಾಪು ಫೋನು ಕಳ್ಳತನ ಆಗುತ್ತದೆ, ಗಂಡ ಪೊಲೀಸರ ಮೇಲೆ ಒತ್ತಡ ಹಾಕುತ್ತಾನೆ. ಸಿಂಹಳ ಪೊಲೀಸು ತೋಟದ ಬಡ ತಮಿಳರನ್ನು ಎಳೆದು ತರುತ್ತಾನೆ. ಭಾರತದವನು ಇಲ್ಲಿ ಬಂಧುವೂ ಅಲ್ಲ, ರಕ್ಷಕನೂ ಅಲ್ಲ, ತನ್ನ ಲ್ಯಾಪ್‌ಟಾಪು ವಾಪಸ್ ಬೇಕಾದ ಗಿರಾಕಿ. ತಮಿಳು ಕೂಲಿಯವನ ಸಾವಿನಲ್ಲಿ ಅವನದ್ದೂ ಪಾಲಿದೆ. ನಮ್ಮನ್ನು ನಾವು ಆ ಜಾಗದಲ್ಲಿ ನೋಡಿಕೊಳ್ಳುವುದು ಕಿರಿಕಿರಿ, ಅದಕ್ಕೇ ಈ ಚಿತ್ರ ‘ಟೂರಿಸ್ಟ್ ಫ್ಯಾಮಿಲಿ’ಯಷ್ಟು ಓಡಲಿಲ್ಲ ಅಂತ ಕಾಣುತ್ತದೆ. ಎರಡನ್ನೂ ಒಂದೇ ವಾರದಲ್ಲಿ ನೋಡಿ.

ಇನ್ನೊಂದು ಕಥೆ ಲಂಕೆಯಲ್ಲೇ ಕಾದು ಕೂತಿದೆ. 2021ರ ಫೆಬ್ರವರಿ ಮೊದಲ ವಾರ ಪೂರ್ವ ಕರಾವಳಿಯ ಪೊತ್ತುವಿಲ್‌ನಿಂದ ಉತ್ತರದ ತುದಿಯ ಪೊಲಿಕಂಡಿಯವರೆಗೆ ತಮಿಳರು ಮೆರವಣಿಗೆ ಹೊರಟರು. ನೆಲ ಕಸಿದುಕೊಂಡದ್ದರ ವಿರುದ್ಧ, ಕಾಣೆಯಾದ ಮಕ್ಕಳಿಗಾಗಿ, ಸೆರೆಯಲ್ಲಿರುವವರಿಗಾಗಿ. ಬೇಡಿಕೆಗಳ ಪಟ್ಟಿಯಲ್ಲಿ ಮುಸ್ಲಿಮರ ಶವಗಳನ್ನು ಬಲವಂತವಾಗಿ ಸುಡುವುದು ನಿಲ್ಲಬೇಕು ಎಂಬುದೂ ಇತ್ತು. ದಾರಿಯ ಮುಸ್ಲಿಂ ಊರುಗಳಲ್ಲಿ ಜನ ಹೊರಗೆ ಬಂದು ಸೇರಿಕೊಂಡರು. ಆ ತಿಂಗಳು ಮುಗಿಯುವ ಮೊದಲೇ ಸರಕಾರ ದಫನಕ್ಕೆ ಅನುಮತಿ ಕೊಟ್ಟಿತು. ಮೆರವಣಿಗೆ ಸಾಗಿದ ಆ ರಸ್ತೆ ಕಲ್ಮುನೈಯ ಮೇಲೆ ಹೋಗುತ್ತದೆ, ನುಹ್ಮಾನ್ ಅವರ ಊರ ಕಡೆಯಿಂದ. ಅಲ್ಲಿಂದ ಉತ್ತರಕ್ಕೆ ಬಟ್ಟಿಕಲೋವಾ ದಾರಿ ಹಿಡಿದರೆ ಕಾತ್ತಾನ್‌ಕುಡಿ, ಒಳನಾಡಿಗೆ ಸ್ವಲ್ಪ ತಿರುಗಿದರೆ ವೀರಮುನೈ.